ಪೀಪಾಯಿ ಒಡೆಯುವ ಹೊತ್ತು

ಇದು ಕುಡಿತವೇ ಅಲ್ಲವೇನೋ. ಒಂದು ಗುಟುಕು, ಅದೂ ಪ್ರಸಾದ. ಬೇರೆಯವರ ದೈವ, ಬೇರೆಯವರ ಹರಕೆ, ನಡುವೆ ಬಾಯಿ ಹಾಕಲು ತಾನು ಯಾರು? ಆದರೆ ಪುರುಷೋತ್ತಮ ಅಂಕಲ್ ವಿಷಯ ಇಲ್ಲಿ ತನ್ನನ್ನು ಬಿಟ್ಟು ಇನ್ನಾರಿಗೆ ಗೊತ್ತು? ಸಂಪತ್ ಹೀಗೆ ಅತ್ತಿತ್ತ ತೂಗುತ್ತಿರುವಾಗಲೇ ರೋಶನ್ ಸ್ಟೀಲ್ ಲೋಟಕ್ಕೆ ಬ್ರಾಂಡಿ ಬಗ್ಗಿಸಿಯಾಗಿತ್ತು.

ಸಿಡ್ನಿಯ ಪೆಂಡಲ್ ಹಿಲ್‌ನ ಆ ಮನೆಯಲ್ಲಿ ಕಾರು ಹೊರಗಿಟ್ಟು ಗರಾಜಿನ ನೆಲ ತೊಳೆದಿದ್ದರು. ಬಾಳೆಲೆಯ ಮೇಲೆ ಅನ್ನ, ಕೋಳಿ ಸಾರು, ಚಕ್ಕುಲಿ, ವೀಳ್ಯ. ಉಡುಪಿಯ ಕಡೆಯ ಈ ಮಂದಿ ಅಜ್ಜ ಎಂದು ಕರೆಯುವ ದೈವಕ್ಕೆ ಇಟ್ಟ ಎಡೆ ಅದು, ಅಗೆಲು ಅನ್ನುತ್ತಾರೆ. ಊರಲ್ಲಾದರೆ ಕಳ್ಳು ಇಡುತ್ತಿದ್ದರು, ಇಲ್ಲಿ ಬ್ರಾಂಡಿ. ಹರಕೆ ಹೊತ್ತವರು ಸುಗುಣಾ ಆಂಟಿ. ಗಂಡ ಕುಡಿತ ಬಿಟ್ಟರೆ ಅಗೆಲು ಕೊಟ್ಟು ಅವರನ್ನು ಮನೆಗೆ ಕರೆದುಕೊಳ್ಳುತ್ತೇನೆ ಎಂದು. ಹೆಂಗಸರು ಅಗೆಲಿನ ಎದುರು ಇರಬಾರದೆಂಬ ಪದ್ಧತಿಯಂತೆ ಅವರೂ ಮಗಳು ವಿಜೇತಾಳೂ ಬಾಗಿಲ ಆಚೆ, ಮನೆಯೊಳಗಿದ್ದರು. ಗರಾಜಿನಲ್ಲಿದ್ದವರು ಆಂಟಿಯ ತಮ್ಮ ರೋಶನ್, ಸಂಪತ್ ಮತ್ತು ಆಂಟಿಯ ಗಂಡ ಪುರುಷೋತ್ತಮ ಅಂಕಲ್.

ಕುಡಿದೇ ಕೆಲಸ ಕಳೆದುಕೊಂಡು, ಮನೆಯಿಂದಲೂ ಹೊರಬಿದ್ದ ಅಂಕಲ್ ಕುಡಿತ ಬಿಡುವ ಹಟದಲ್ಲಿ 2007ರ ಚಳಿಗಾಲದ ಮೊದಲಿಗೆ ಮೆಲ್ಬರ್ನ್‌ಗೆ ಬಂದು, ಕ್ಲೇಟನ್‌ನಲ್ಲಿ ಸಂಪತ್ ಇದ್ದ ಬಾಡಿಗೆ ಮನೆಯ ಹಿಂದಿನ ರೂಮು ಹಿಡಿದಿದ್ದರು. ಸಂಪತ್ ಹಾವೇರಿಯವನು. ಓದು ಮುಗಿಸಿ, ಅಲ್ಲೇ ನೆಲೆಸಲು ಬೇಕಾದ ಪಿಆರ್‌ಗೆ ಕಾಯುತ್ತಿದ್ದ. ಲೈಬ್ರರಿಯಿಂದ ಅವನು ತರುತ್ತಿದ್ದ ಡಿವಿಡಿಗಳು ಅವರಿಬ್ಬರ ನಡುವೆ ಮಾತಿನ ಜಾಗ ತುಂಬಿದವು. ಅಮೆರಿಕದಲ್ಲಿ ಮದ್ಯ ನಿಷೇಧವಿದ್ದ ಕಾಲದ ಕತೆಗಳ ಹಳೆಯ ಕಪ್ಪುಬಿಳುಪು ಟಿವಿ ಸರಣಿಗಳು.

"ಬೇರೆ ಏನಾದ್ರೂ ನೋಡಬಹುದಲ್ಲ ಅಂಕಲ್. ಕ್ರಿಕೆಟ್?"

"ಕ್ರಿಕೆಟಿನ ಮಧ್ಯ ಬಿಯರ್ ಜಾಹೀರಾತು ಬರ್ತದೆ ಮಾರಾಯ. ಇದ್ರಲ್ಲಿ ನೋಡು, ಇಡೀ ಊರು ಹೆಂಡದ ಹಿಂದೆ ಬಿದ್ದಿದೆ, ನೆಮ್ಮದಿಯಲ್ಲಿ ಕೂತು ಕುಡಿಯುವವ ಒಬ್ಬನೂ ಕಾಣುದಿಲ್ಲ."

ಸಂಪತ್‌ಗೆ ಹಿಡಿಸಿದ್ದು ಬೇರೆ. ಆ ಕತೆಗಳಲ್ಲಿ ಕೆಡುಕಿಗೆ ಒಂದು ವಿಳಾಸ ಇರುತ್ತಿತ್ತು. ಯಾವುದೋ ಗೋದಾಮು, ಯಾವುದೋ ಹಿಂಬಾಗಿಲು. ಹ್ಯಾಟಿನ ನೆರಳಲ್ಲಿ ಮುಖ ಮುಚ್ಚಿಕೊಂಡ ಅಧಿಕಾರಿಗಳು ಹೆಚ್ಚು ಮಾತಾಡದೆ ಕೊಡಲಿ ಹಿಡಿದು ಬರುತ್ತಿದ್ದರು. ಮಾತಾಡದವರೂ ಏನಾದರೂ ಮಾಡಬಲ್ಲರು ಎಂಬುದು ಅವನಿಗೆ ಸಮಾಧಾನ ಕೊಡುತ್ತಿತ್ತು.

"ನನ್ನ ಮನೆಗೂ ಹೀಗೆ ಯಾರಾದ್ರೂ ಬಾಗಿಲು ಒಡ್ದು ಬರ್ಬೇಕಿತ್ತು," ಎಂದಿದ್ದರು ಅಂಕಲ್ ಒಮ್ಮೆ.

ಆ ಅಧಿಕಾರಿಗಳು ಹೆಂಡದ ಪೀಪಾಯಿಗಳನ್ನು ಒಡೆಯುವ ಹೊತ್ತಿಗೆ ಮಾತ್ರ ಅವರು ಗೋಡೆಯ ಕಡೆ ತಿರುಗುತ್ತಿದ್ದರು. ಹೆಂಡ ನೆಲದ ಮೇಲೆ ಹರಿಯುವ ಸದ್ದಿಗೇ ಗಂಟಲು ಏರಿಳಿಯುತ್ತಿತ್ತು.

"ಆಯ್ತಾ?"

"ಆಯ್ತು ಅಂಕಲ್."

ಆಮೇಲೆ ಈಚೆ ತಿರುಗುತ್ತಿದ್ದರು. ಚಳಿಗಾಲವೆಲ್ಲ ಹಾಗೆ ಕಳೆಯಿತು. ಒಂದೇ ಫ್ರಿಜ್, ಒಂದೇ ಬಸ್ಸು, ಒಂದೇ ಅಡುಗೆ. ಅಂಕಲ್ ಕುಡಿದಿದ್ದರೆ ಸಂಪತ್‌ಗೆ ತಿಳಿಯದೆ ಇರುತ್ತಿರಲಿಲ್ಲ. ಆಂಟಿ ಫೋನು ಮಾಡಿ ಕರೆದಾಗ, "ಒಬ್ಬನೇ ಹೋಗ್ಲಿಕ್ಕೆ ಧೈರ್ಯ ಇಲ್ಲ, ನೀನೂ ಬಾ," ಎಂದು ಅವನನ್ನೂ ಹೊರಡಿಸಿದ್ದರು.

"ಸಂಪತ್, ನಿಮಗೆ ಇದು ಬೇಡ, ಲಿಂಗಾಯತರಲ್ವಾ," ಎಂದು ಗರಾಜಿನಲ್ಲಿ ಈಗ ರೋಶನ್ ಅವನ ಕೈಗೆ ಚಕ್ಕುಲಿ ಕೊಟ್ಟ. ಲೋಟ ಅಂಕಲ್ ಕಡೆ ಚಾಚಿದ. "ಭಾವ, ತಗೊಳ್ಳಿ."

"ನನಗೂ ಚಕ್ಕುಲಿ ಸಾಕು."

ರೋಶನ್ ನಕ್ಕ. "ಭಾವ ಯಾವಾಗ ಲಿಂಗಾಯತ ಆದದ್ದು? ಅಜ್ಜನ ಪ್ರಸಾದ ಬೇಡ ಅನ್ಲಿಕ್ಕುಂಟಾ? ನಿಮ್ಮ ಹೆಸರಿನ ಹರಕೆ."

ಬಾಗಿಲ ಹಿಂದಿನಿಂದ ಆಂಟಿಯ ದನಿ ಬಂತು. "ಇವರೇ, ಪ್ರಸಾದ ತಗೊಂಡ್ರಾ?" ಆ ದನಿಯಲ್ಲಿ ಸಂತೋಷವಿತ್ತು.

ಅಂಕಲ್ ಗೋಡೆಯ ಕಡೆ ತಿರುಗಿದರು. ಮತ್ತೆ ಸಂಪತ್‌ನನ್ನು ನೋಡಿದರು. ನೋಡುತ್ತಲೇ ಇದ್ದರು. ಸಂಪತ್‌ನ ಬಾಯಲ್ಲಿ ಚಕ್ಕುಲಿ ಇತ್ತು. ಅವನು ಅದನ್ನು ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಅಂಕಲ್ ಲೋಟವನ್ನು ಕಣ್ಣಿಗೊತ್ತಿಕೊಂಡು ಒಂದೇ ಗುಟುಕಿಗೆ ಇಳಿಸಿದರು.

ಕೋಳಿ ಸಾರಿನ ಊಟ ಮುಗಿಯುವ ಮೊದಲೇ ಅವರು ಬಾಟಲಿಯನ್ನು ತಮ್ಮ ಕಡೆ ಎಳೆದುಕೊಂಡಿದ್ದರು. "ಅಗೆಲಿನದ್ದು ಮಿಗಿಸಬಾರದು," ಎಂದರು. ರೋಶನ್‌ನ ನಗು ನಿಂತಿತು. ಅವನು ಕೈ ಹಿಡಿದ, ಅಂಕಲ್ ಕೊಡವಿಕೊಂಡರು. ಲೋಟ ಉರುಳಿತು. ಬಾಟಲಿಗೇ ಬಾಯಿ ಇಟ್ಟರು.

ಸದ್ದಿಗೆ ಬಾಗಿಲು ತೆರೆಯಿತು. ಆಂಟಿ ಅಲ್ಲೇ ನಿಂತರು. ಹಿಂದಿದ್ದ ವಿಜೇತಾ ಮೆಲ್ಲಗೆ, "ಐ ಟೋಲ್ಡ್ ಯು, ಅಮ್ಮ," ಎಂದು ಒಳಗೆ ಹೋಗಿಬಿಟ್ಟಳು.

ಬೆಳಿಗ್ಗೆ, ಅವರಿಬ್ಬರನ್ನು ನಿಲ್ದಾಣಕ್ಕೆ ಬಿಡಲು ಹೊರಟಿದ್ದ ರೋಶನ್‌ನ ಕಾರಿನಲ್ಲಿ ಅಂಕಲ್ ಗಾಜಿಗೆ ತಲೆಯಾನಿಸಿ ಕೂತಿದ್ದರು. ಅವರ ಬಟ್ಟೆಯ ಚೀಲವನ್ನು ಆಂಟಿಯೇ ತಂದು ಹಿಂದಿನ ಸೀಟಿನಲ್ಲಿಟ್ಟು, ಸಂಪತ್‌ನನ್ನು ಬೇಲಿಯ ಹತ್ತಿರ ಕರೆದರು.

"ಬಿಟ್ಟವ ಹೀಗೆ ಕುಡೀತಾನಾ? ನಿಜ ಹೇಳು. ನಿನ್ನ ಮನೆಯಲ್ಲೂ ಕುಡೀತಾ ಇದ್ರು ಅಲ್ವಾ? ನನಗೆ ಮೋಸ ಮಾಡಿದ್ದಾ?"

ಇಲ್ಲ ಅಂದರೆ, ಹಾಗಾದರೆ ಮತ್ತೆ ಕುಡಿಸಿದ್ದು ಯಾರು ಎಂಬ ಪ್ರಶ್ನೆಯನ್ನು ಅವರು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತಿತ್ತು. ನಿದ್ದೆಯಿಲ್ಲದೆ ಊದಿಕೊಂಡ ಆ ಮುಖದ ಮುಂದೆ ಸಂಪತ್ ತಲೆ ತಗ್ಗಿಸಿದ. ಆಂಟಿ ಅದನ್ನೇ ಉತ್ತರ ಎಂದುಕೊಂಡರು. "ಇನ್ನು ಇವರು ಈ ಕಡೆ ಬರುವುದು ಬೇಡ," ಎಂದು ಹೇಳಿ ಒಳಗೆ ಹೋದರು.

ಅಂಕಲ್ ಕ್ಲೇಟನ್‌ನಲ್ಲೂ ಹೆಚ್ಚು ದಿನ ಉಳಿಯಲಿಲ್ಲ. ಎಲ್ಲಿಗೆ ಹೋದರೆಂದು ತಿಳಿಯದೆ ಆಂಟಿ ಒಮ್ಮೆ ಫೋನು ಮಾಡಿದರು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಹರಕೆಯ ಆ ಲೋಟ ಕೈಗೆ ಬರುವವರೆಗೆ ಅವರ ಗಂಡ ಒಂದು ಹನಿಯನ್ನೂ ಮುಟ್ಟಿರಲಿಲ್ಲ ಎಂದು ಸಂಪತ್ ಹೇಳಲೇ ಇಲ್ಲ.