ರಮಾಬಾಯಿಯ ದೂರುಗಳು

“ಬೆಳಿಗ್ಗೆ ನಾಲ್ಕು ಸಲ ಕೂಗಬೇಕು. ಎದ್ದಮೇಲೂ ಫೋನೇ ಫೋನು. ಹೇಳಿದ ಮಾತು ಕಿವಿಗೇ ಬೀಳಲ್ಲ,” ಎಂದು ರಮಾಬಾಯಿ ತಮಿಳಿನಲ್ಲಿ ಒಪ್ಪಿಸುತ್ತಲೇ ಹೋದರು. ಬಾಲನ್ಯಾಯ ಮಂಡಳಿಯ ಮ್ಯಾಜಿಸ್ಟ್ರೇಟ್ ಮೇಡಂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಹದಿನಾರರ ದಿನೇಶ್ ತಲೆ ತಗ್ಗಿಸಿ ನಿಂತಿದ್ದ.

ತ್ರಿಪ್ಲಿಕೇನಿನಲ್ಲಿ ರಮಾಬಾಯಿ ನಡೆಸುವ ಊಟದ ಮೆಸ್ಸಿನಲ್ಲಿ ಅವನ ತಾಯಿ ಹನ್ನೆರಡು ವರ್ಷ ಪಾತ್ರೆ ತೊಳೆದಿದ್ದಳು. ಅವಳು ತೀರಿಕೊಂಡ ಮೇಲೆ ಹುಡುಗ ಪೋಲಿಗಳ ಜತೆ ಸೇರಿ ಬೈಕ್ ಕದ್ದು ಸಿಕ್ಕಿಬಿದ್ದ. ಸರ್ಕಾರಿ ಹೋಮಿನಲ್ಲಿ ಕೂಡಿಹಾಕುವ ಬದಲು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಮಂಡಳಿ ಕೇಳಿದಾಗ, ಮನೆಯವರನ್ನೂ ಕೇಳದೆ ಮುಂದೆ ಬಂದವರು ರಮಾಬಾಯಿ. ಆರು ತಿಂಗಳಾಗಿತ್ತು. ಅವನು ಅವರ ಮನೆಯಲ್ಲೇ ಇರಬೇಕೋ ಹೋಮಿಗೆ ಹೋಗಬೇಕೋ ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು.

ಮೇಡಂ ಪೆನ್ನು ಕೆಳಗಿಟ್ಟರು. “ನಿಮಗೆ ಇಷ್ಟು ಕಷ್ಟವಾದ್ರೆ ಹೋಮಿಗೇ ಕಳಿಸೋಣಮ್ಮ.”

ರಮಾಬಾಯಿ ದಿನೇಶನ ತೋಳು ಹಿಡಿದುಕೊಂಡರು. ಜತೆಗೆ ಬಂದಿದ್ದ ಸಮಾಜಸೇವಕಿ ರಂಜನಿ ಕನ್ನಡದಲ್ಲಿ ಪಿಸುಗುಟ್ಟಿ ಗದರಿದಳು. “ಏನ್ ಮಾಮಿ ಇದು? ಒಂದಾದ್ರೂ ನಲ್ಲ ಮಾತು, ಹೊಗಳೋ ಮಾತು ಹೇಳಬಾರ್ದಾ?”

“ಹೆತ್ತ ಮಗನ್ನೇ ನಾಲ್ಕು ಜನದ ಮುಂದೆ ಹೊಗಳಿದೋಳಲ್ಲ ಕಣೇ ನಾನು. ದೃಷ್ಟಿ ತಾಕತ್ತೆ!”

“ಅಂತ ಚುಮ್ಮಾ ಬಾಯಿ ಮುಚ್ಕೊಂಡು ನಿಂತ್ರೆ ಹುಡುಗನ್ನ ಕರ್ಕೊಂಡೇ ಹೋಗ್ತಾರೆ.”

ದೃಷ್ಟಿ ತಾಕಿದರೆ ತೆಗೆಯಬಹುದು; ಹುಡುಗನೇ ಹೋದರೆ? ರಮಾಬಾಯಿ ಸೆರಗು ಬಿಗಿಮಾಡಿಕೊಂಡರು.

“ಇದನ್ನೂ ಬರ್ಕೊಳ್ಳಿ ಮೇಡಂ,” ಎಂದರು, ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳುವಂತೆ. “ಮೂವತ್ತು ವರ್ಷದಿಂದ ನನ್ನ ಒಲೆ ಹತ್ರ ಸೊಸೇನೂ ಬಿಟ್ಟೋಳಲ್ಲ. ಕೈ ಉಳುಕಿದ ದಿನ ಇವನಿಗೆ ಸೌಟು ಕೊಟ್ಟೆ. ವಾಪಸ್ ತಗೊಳ್ಳೋಕೆ ಮನಸ್ಸೇ ಬರಲಿಲ್ಲ. ಒಂದು ತಿಂಗಳಿಂದ ಸಾರು ಇವನದೇ. ತಿಂದವರೆಲ್ಲ ‘ಮಾಮಿ ಕೈರುಚಿ’ ಅಂತಾರೆ, ನಾನೂ ನಾಚಿಕೆಯಿಲ್ಲದೆ ಹ್ಞೂಂ ಅಂತೀನಿ. ನಿಜ ಹೇಳಲಾ? ನನಗಿಂತ ಒಂದು ಕೈ ಮೇಲೆ. ಇವನು ನನ್ನ ಹುಡುಗ. ಎಲ್ಲಿಗೂ ಕಳಿಸಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಹೆಮ್ಮೆಯಿಂದ ಅವರ ಕಣ್ಣು ತುಂಬಿ ಬಂದಿತ್ತು. ದಿನೇಶ್ ಮೊದಲ ಸಲ ತಲೆಯೆತ್ತಿದ. “ನಿಜಮಾ, ಪಾಟ್ಟಿ?” ಎಂದ, ಅಜ್ಜಿಯನ್ನು ಕೇಳುವ ಮೊಮ್ಮಗನಂತೆ.

“ಬಾಯಿ ಮುಚ್ಚು. ನಿನ್ನೆ ಉಪ್ಪು ಜಾಸ್ತಿ.”

ಮೇಡಂ ನಗು ತಡೆದುಕೊಂಡು, ಹುಡುಗ ರಮಾಬಾಯಿಯ ಮನೆಯಲ್ಲೇ ಮುಂದುವರಿಯಲಿ ಎಂದು ಬರೆದು ಸಹಿ ಹಾಕಿದರು. ಅದನ್ನು ನೋಡಲೂ ರಮಾಬಾಯಿಗೆ ಪುರುಸೊತ್ತಿರಲಿಲ್ಲ. ಎರಡೂ ಕೈಗಳಿಂದ ದಿನೇಶನ ಮುಖ ನೀವಿ, ತಮ್ಮ ಕಿವಿಯ ಪಕ್ಕ ಹತ್ತು ಬೆರಳುಗಳ ನೆಟಿಗೆಯನ್ನು ಲಟಲಟನೆ ಮುರಿದರು. ಅವರಿಗಿಂತ ಒಂದು ಗೇಣು ಎತ್ತರದ ಹುಡುಗ, ಕೈ ಎಟುಕಲೆಂದು ಬಗ್ಗಿ ನಿಂತಿದ್ದ.