ಕೇತಿಯ ತೇಪೆ

ಹೋದ ವರ್ಷ ಶೂಟಿಂಗಿಗೆಂದು ಕಾಡಿಗೆ ಬಂದಿದ್ದ ಸಿನಿಮಾದವರು ಕೇತಿಗೆ ಹೊಸ ಸೀರೆ ಕೊಟ್ಟು, ಅವಳು ಉಟ್ಟು ಸವೆಸಿದ್ದ ಹಳೆಯದನ್ನು ನಾಯಕಿಗೆಂದು ಒಯ್ದಿದ್ದರು. ಇವತ್ತು ಎಚ್.ಡಿ. ಕೋಟೆಯ ಟೆಂಟ್ ಸಿನಿಮಾದಲ್ಲಿ ಆ ಚಿತ್ರದ ನಾಯಕಿ ಅಳುತ್ತಾ ಬೆನ್ನು ತಿರುಗಿಸಿದಾಗ, ಸೆರಗಿನ ಮೇಲಿದ್ದ ಚೌಕುಳಿ ಬಟ್ಟೆಯ ತೇಪೆ ಪರದೆಯಲ್ಲಿ ಬಾಗಿಲಷ್ಟು ದೊಡ್ಡದಾಗಿ ಕಂಡಿತು.

"ಅದು ನಾನಾಕಿದ್ ತೇಪೆ ಕಣವ್ವ," ಎಂದು ಕೇತಿ ಎದ್ದೇಬಿಟ್ಟಳು.

"ಸುಮ್ಕೆ ಕೂತ್ಕೊ. ಯಾರ್ ನಂಬ್ತಾರೆ?" ಎಂದು ಪಕ್ಕದಲ್ಲಿದ್ದ ಗೆಳತಿ ಮುತ್ತಿ ಜಗ್ಗಿದಳು.

ಕೇತಿ ಗಂಡಸರ ಕಡೆ ತಿರುಗಿ ಗಂಡ ರಂಗನನ್ನು ಕೂಗಿದಳು. "ಏ ಇವ್ನೇ, ಎದ್ದು ನಿಂತ್ಕೊ. ತೇಪೆಗೆ ಕತ್ತರ್ಸಿದ್ ಅಂಗಿ ತೋರ್ಸು."

ರಂಗ ನಾಚುತ್ತಲೇ ಎದ್ದು, ತೊಟ್ಟಿದ್ದ ಚೌಕುಳಿ ಅಂಗಿಯ ತುದಿಯನ್ನು ಸಿನಿಮಾ ಮೆಷಿನ್ನಿನ ಬೆಳಕಿಗೆ ಅಡ್ಡ ಹಿಡಿದ. ಅದರ ನೆರಳೂ ನೆರಳಿನೊಳಗಿನ ಚೌಕನೆಯ ತೂತೂ ನಾಯಕಿಯ ಬೆನ್ನ ಮೇಲೆ, ತೇಪೆಯ ಪಕ್ಕದಲ್ಲೇ ಮೂಡಿತು. ಅಲ್ಲಿಯವರೆಗೆ ಅಳುತ್ತಿದ್ದ ಟೆಂಟು ಸಿಳ್ಳೆ ಹೊಡೆಯಿತು.