ಏಳನೇ ಮಹಡಿಯ ಗಿರಾಕಿ

ನಾಲ್ಕನೆಯದು ಬೇಡ, ಅತಿಯಾಗುತ್ತದೆ. ಮೂರು ಚುಕ್ಕಿ ಇದ್ದರೆ ಬೇಡಿಕೆ ಇದೆ ಅನ್ನಿಸುತ್ತದೆ. ನಾಲ್ಕಾದರೆ ಯಾರಿಗಾದರೂ ಅನುಮಾನ ಬಂದೀತು.

ಅವನು ಹಿಂದೆ ಸರಿದು ತನ್ನದೇ ನಡುಮನೆಯನ್ನು ಅಪರಿಚಿತನ ಹಾಗೆ ನೋಡಲು ಪ್ರಯತ್ನಿಸಿದ. ಸೋಫಾ ಮಲಗುವ ಕೋಣೆಯ ಮಂಚವನ್ನು ಏರಿ ಕೂತಿತ್ತು. ಟೀವಿ ಅಡುಗೆಮನೆ ಸೇರಿತ್ತು. ಗೋಡೆ ತುಂಬ ಅವನ ಚಿತ್ರಗಳು, ಅವುಗಳಲ್ಲಿ ಮೂರರ ಕೆಳಗೆ ದುಂಡನೆಯ ಕೆಂಪು ಚುಕ್ಕಿ. ಗ್ಯಾಲರಿಗಳಲ್ಲಿ ಮಾರಾಟವಾದ ಚಿತ್ರಕ್ಕೆ ಹೀಗೇ ಅಂಟಿಸುತ್ತಾರೆ. ಇದು ಗ್ಯಾಲರಿಯಲ್ಲ, ಬಾಡಿಗೆ ಮನೆ. ಒಂದು ಚಿತ್ರವೂ ಮಾರಾಟವಾಗಿರಲಿಲ್ಲ. ಅಷ್ಟು ಬಿಟ್ಟರೆ ಎಲ್ಲ ಕ್ರಮಬದ್ಧವಾಗಿತ್ತು.

ಚುಕ್ಕಿಗಳು ಸಿಕ್ಕಿದ್ದು ಹೆಂಡತಿಯ ಚೀಲದಲ್ಲಿ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ತುರ್ತಾಗಿ ನೋಡಬೇಕಾದ ಟ್ಯೂಬಿಗೆ ಅಂಟಿಸುವ ಸ್ಟಿಕ್ಕರ್ ಅವು. ಅವಳು ಸ್ನಾನಕ್ಕೆ ಹೋದಾಗ ಮೂರನ್ನು ಕಿತ್ತುಕೊಂಡಿದ್ದ.

ಎರಡನ್ನು, ಯಾರೂ ಕೊಳ್ಳಲಾರರೆಂದು ಅವನಿಗೇ ಗೊತ್ತಿದ್ದ ಚಿತ್ರಗಳಿಗೆ ಹಚ್ಚಿದ. ಮೂರನೆಯದನ್ನು ಅಕ್ಕನ ಚಿತ್ರಕ್ಕೆ. ಅಕ್ಕ ನೋಡುವವರಿಗೆ ಬೆನ್ನು ಹಾಕಿ, ಕಿಟಕಿಯತ್ತ ತಿರುಗಿ, ಒದ್ದೆ ಕೂದಲನ್ನು ಟವೆಲ್ಲಿನಿಂದ ಒರೆಸಿಕೊಳ್ಳುತ್ತಿರುವ ಚಿತ್ರ. ಇಷ್ಟು ವರ್ಷ ಬಿಡಿಸಿದ್ದರಲ್ಲಿ ನಿಜವಾದದ್ದು ಅದೊಂದೇ. ಅಂಥದ್ದೇ ಮಾರಾಟವಾಗದೆ ಉಳಿದಿದೆಯೆಂದರೆ ಬಂದವರು ಮಿಕ್ಕವನ್ನು ಮೂಸಿಯೂ ನೋಡರು. ಆದ್ದರಿಂದ ಅದಕ್ಕೂ ಒಂದು ಚುಕ್ಕಿ. ಜಾಹೀರಾತು ಕಂಪನಿಯಲ್ಲಿ ಕಳೆದ ವರ್ಷಗಳು ವ್ಯರ್ಥವಾಗಿಲ್ಲ ಎಂದುಕೊಂಡ.

ಆ ಕಂಪನಿಯನ್ನು ಬಿಟ್ಟು, ‘ಸ್ವತಂತ್ರ ಕಲಾವಿದ’ ಎಂದು ಕಾರ್ಡು ಅಚ್ಚು ಹಾಕಿಸಿದ ದಿನ ಹೆಂಡತಿ ಅತ್ತಿರಲಿಲ್ಲ, ಜಗಳವಾಡಿರಲಿಲ್ಲ. ಎರಡು ವರ್ಷದೊಳಗೆ ಗುರುತಿಲ್ಲದವರು ಯಾರಾದರೂ, ನೆಂಟರಲ್ಲ, ಗೆಳೆಯರಲ್ಲ, ಒಂದೇ ಒಂದು ಚಿತ್ರ ಕೊಂಡುಕೊಳ್ಳಲಿ, ಆಮೇಲೆ ನಾನು ಬಾಯಿ ಬಿಡುವುದಿಲ್ಲ ಎಂದಿದ್ದಳು. ಇಲ್ಲದಿದ್ದರೆ ವಾಪಸ್ಸು. ಮನೆಯಲ್ಲೇ ಏರ್ಪಡಿಸಿದ ಈ ಪ್ರದರ್ಶನಕ್ಕೂ ಆ ಎರಡು ವರ್ಷಕ್ಕೂ ಇವತ್ತೇ ಕೊನೆ. ಸೋಮವಾರ ಹಳೆಯ ಮ್ಯಾನೇಜರು ಬರಹೇಳಿದ್ದರು. ಟೂತ್‌ಪೇಸ್ಟಿನ ಪೊಟ್ಟಣಕ್ಕೆ ನಗುವ ಹಲ್ಲೊಂದು ಬೇಕಂತೆ. ಹಲ್ಲಿಗೆ ಕೈಕಾಲು ಬರೆದು ನಗಿಸುವುದರಲ್ಲಿ ಅವನನ್ನು ಮೀರಿಸುವವರು ಅಲ್ಲಿ ಇರಲಿಲ್ಲ.

ಮಧ್ಯಾಹ್ನ ಕೆಳಮನೆಯ ಮುದುಕರು ಬಂದರು. ಲಿಫ್ಟು ಕೆಟ್ಟಿದೆ ಎಂದು ಹೇಳಿ ಹೋದರು. ಆಮೇಲೆ ಹೆಂಡತಿಯ ತಮ್ಮ ಬಂದು, ಅತಿಥಿಗಳಿಗೆಂದು ಇಟ್ಟ ಬಿಸ್ಕತ್ತು ತಿನ್ನುತ್ತ ಗೋಡೆಗಳನ್ನು ಸುತ್ತಿದ.

“ಎಲ್ಲಾ ಕೈಯಲ್ಲೇ ಬಿಡಿಸಿದ್ದಾ ಭಾವ?”

“ಕಾಲಲ್ಲಿ ಇನ್ನೂ ಅಭ್ಯಾಸ ಆಗಿಲ್ಲ.”

ಭಾವಮೈದ ತಲೆಯಾಡಿಸಿ, ಟೀವಿ ಇದ್ದ ಅಡುಗೆಮನೆಗೆ ಹೋದ.

ಸಂಜೆ ಬಿಸಿಲು ಇಳಿಯುವಾಗ ಬಾಗಿಲಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಮೆಟ್ಟಿಲು ಹತ್ತಿದ ಏದುಸಿರು ಬಿಡುತ್ತ ನಿಂತಿದ್ದರು. ಕೆಳಗೆ ಬೋರ್ಡು ನೋಡಿದೆ, ಒಳಗೆ ಬರಬಹುದಾ ಎಂದು ಕೇಳಿದರು. ಅವನು ಅವಸರದಲ್ಲಿ ಫೋನನ್ನು ಕಿವಿಗೆ ಹಿಡಿದು, “ಮುಂದಿನ ತಿಂಗಳು ಕಷ್ಟ, ನೋಡೋಣ” ಎಂದು ಯಾರಿಗೂ ಅಲ್ಲದ ಮಾತನ್ನು ಹೇಳಿ ಇಟ್ಟ. ಬನ್ನಿ ಎಂದು ಕೈ ತೋರಿಸಿದ.

ಆಕೆ ಒಂದೊಂದನ್ನೂ ನೋಡುತ್ತ ಬಂದು ಅಕ್ಕನ ಚಿತ್ರದ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು. ಅವನು ಅವರ ಬೆನ್ನನ್ನೂ ಅಕ್ಕನ ಬೆನ್ನನ್ನೂ ನೋಡುತ್ತ ಕಾದ.

“ಇವರು ಕೂದಲು ಒರೆಸ್ಕೋತಿಲ್ಲ,” ಎಂದರು ಆಕೆ, ಮೆಲ್ಲಗೆ. “ಅಳ್ತಿದಾರೆ. ಟವೆಲ್ಲು ಬರೀ ನೆಪ.”

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಕ್ಕನೇ ಚಿತ್ರ ನೋಡಿ, ನನ್ನ ಕೂದಲು ಇಷ್ಟು ಉದುರಿದೆಯೇನೋ ಎಂದಷ್ಟೇ ಕೇಳಿದ್ದಳು. ತಾನು ಇಷ್ಟು ದಿನ ಕಾದದ್ದು ಗಿರಾಕಿಗಲ್ಲ, ಈ ಒಂದು ಮಾತಿಗೆ ಎಂದು ಅವನಿಗೆ ಆಗ ಗೊತ್ತಾಯಿತು.

“ಇದು ನಂಗೆ ಬೇಕಿತ್ತು,” ಎಂದು ಆಕೆ ಹತ್ತಿರ ಬಾಗಿದರು. “ಓ. ಹೋಗ್ಬಿಟ್ಟಿದೆ.”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದಳು.

“ಏನು ಹೋಗಿದೆ?”

“ಈ ಚಿತ್ರ. ಕೆಂಪು ಚುಕ್ಕಿ ಹಾಕಿದಾರಲ್ಲ, ಮಾರಾಟ ಆಗಿದೆ ಅಂತ ಅದರರ್ಥ.”

ಹೆಂಡತಿ ತಟ್ಟೆಯನ್ನು ನೆಲದ ಮೇಲೆಯೇ ಇಟ್ಟಳು. “ಹೌದೇನ್ರೀ? ನಂಗೆ ಹೇಳೇ ಇಲ್ಲ?” ಅವಳ ಮುಖ ಊರಗಲವಾಯಿತು. ಆ ಮುಖವನ್ನು ಅವನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಅದನ್ನು ಕೆಡಿಸುವ ಧೈರ್ಯ ಅವನಿಗಿರಲಿಲ್ಲ. ಚುಕ್ಕಿ ಅಂಟಿಸಿದ್ದು ನಾನೇ ಎಂದು ಒಬ್ಬಳಲ್ಲ, ಇಬ್ಬರ ಮುಂದೆ ಒಪ್ಪಿಕೊಳ್ಳುವ ಧೈರ್ಯವಂತೂ ಮೊದಲೇ ಇರಲಿಲ್ಲ.

“ಹೇಳೋಣ ಅಂತಿದ್ದೆ.”

“ಯಾರು ತಗೊಂಡಿದ್ದು?”

ಕಿಟಕಿಯಾಚೆ ಕಾಣುತ್ತಿದ್ದದ್ದು ಎದುರು ಕಟ್ಟಡ ಮಾತ್ರ. “ಅಲ್ಲಿಯವರು. ಏಳನೇ ಮಹಡಿ.” ಮಿಕ್ಕೆರಡು ಚುಕ್ಕಿಗಳ ಮೇಲೆ ಹೆಂಡತಿಯ ಕಣ್ಣು ಸದ್ಯ ಬಿದ್ದಿರಲಿಲ್ಲ.

“ಅವರು ಬೇಡ ಅಂದ್ರೆ ನಂಗೆ ಹೇಳ್ತೀರಾ?” ಎಂದು ಆಕೆ ಕೇಳಿದರು.

ದೇವರೇ ಬಾಗಿಲು ತೆರೆದು ಹಿಡಿದ ಹಾಗಿತ್ತು. “ಅವರು ಮಾತು ಬದಲಿಸೋ ಜನ ಅಲ್ಲ,” ಎಂದ ಅವನು. ಇಲ್ಲದ ಆ ಮನುಷ್ಯನ ಪರವಾಗಿ ಎಲ್ಲಿಂದಲೋ ಅಭಿಮಾನ ಉಕ್ಕಿತ್ತು. “ತುಂಬಾ ಸೂಕ್ಷ್ಮ ಅವರು. ನೋಡಿದ ತಕ್ಷಣ ಇವಳು ಅಳ್ತಿದಾಳೆ ಅಂದ್ರು.”

ಆಕೆಯ ಮುಖ ಸಪ್ಪಗಾಯಿತು. “ಹಾಗಿದ್ರೆ ಸರಿಯಾದ ಕಡೆಗೇ ಹೋಯ್ತು ಬಿಡಿ.” ಅರ್ಧ ಚಹಾ ಕುಡಿದು, ಹೆಂಡತಿಗೆ ನಮಸ್ಕಾರ ಹೇಳಿ ಹೊರಟರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಓಡಿ ಹೋಗಿ ನಿಲ್ಲಿಸಬಹುದಾಗಿತ್ತು. ಹೆಂಡತಿ ಎದುರಿಗೇ ನಿಂತು ಅವನನ್ನೇ ನೋಡುತ್ತಿದ್ದಳು.

ಭಾವಮೈದ ಅಡುಗೆಮನೆಯಿಂದ ಹೊರಬಂದ. “ಅಂತೂ ಬೋಣಿ ಆಯ್ತು ಅನ್ನಿ. ಗುರುತಿಲ್ಲದವರೇ ತಾನೇ?”

“ಗುರುತೇ ಇಲ್ಲ.” ಆ ದಿನ ಅವನಾಡಿದ ನಿಜ ಅದೊಂದೇ.

ಹೆಂಡತಿ ಚುಕ್ಕಿಯ ಮೇಲೆ ಬೆರಳಾಡಿಸಿದಳು. “ನಮ್ಮ ಲ್ಯಾಬಿನ ಸ್ಟಿಕ್ಕರ್ ಥರಾನೇ ಇದೆ.”

“ಎಲ್ಲಾ ಕಡೆ ಅದೇ ಸಿಗೋದು.”

ಅವಳು ಚಿತ್ರವನ್ನು ಮೊಳೆಯಿಂದ ಇಳಿಸಿ, ಹಳೆಯ ದುಪ್ಪಟಿ ತಂದು ಸುತ್ತತೊಡಗಿದಳು. “ಪ್ರದರ್ಶನ ಮುಗೀತಲ್ಲ, ಈಗ್ಲೇ ಕೊಟ್ಟು ಬನ್ನಿ. ಸೋಮವಾರ ಬರಲ್ಲ ಅಂತ ನಿಮ್ಮ ಮ್ಯಾನೇಜರಿಗೆ ಇವತ್ತೇ ಹೇಳಿಬಿಡೋಣ.” ಅವಳ ದನಿ ಮೆದುವಾಗಿತ್ತು. ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ಆ ದನಿಯಿಂದ ತಿಳಿಯಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು.

“ನಾನೂ ಬರ್ತೀನಿ ಭಾವ, ಒಂದು ಕಡೆ ಹಿಡ್ಕೋತೀನಿ.”

“ಬೇಡ. ಕಲಾವಿದನೇ ಕೊಡಬೇಕು, ಅದು ಪದ್ಧತಿ.”

ಯಾವ ಪದ್ಧತಿ ಎಂದು ಯಾರೂ ಕೇಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಈ ಮನೆಯಲ್ಲಿ ಅವನ ಮಾತಿಗೆ ಬೆಲೆ ಬಂದಿತ್ತು.

“ಅವರ ಬಾಲ್ಕನಿ ಇಲ್ಲಿಗೆ ಕಾಣುತ್ತಲ್ಲ,” ಎಂದಳು ಹೆಂಡತಿ, ದಾರ ಬಿಗಿಯುತ್ತ. “ನಾನು ನೋಡ್ತಿರ್ತೀನಿ. ಅವರನ್ನೂ ಹೊರಗೆ ಕರೀರಿ.”

ರಸ್ತೆ ದಾಟಿದ. ಎದುರು ಕಟ್ಟಡದ ಕಾವಲುಗಾರ ಯಾರ ಮನೆಗೆ ಎಂದು ಕೇಳಿದ. ಏಳನೇ ಮಹಡಿ ಎಂದ. ಏಳರಲ್ಲಿ ನಾಲ್ಕು ಮನೆ ಇದಾವೆ ಎಂದ ಕಾವಲುಗಾರ. ಗೊತ್ತು ಎಂದು ಅವನು ಲಿಫ್ಟು ಹತ್ತಿದ. ಇಲ್ಲಿ ಲಿಫ್ಟು ಕೆಟ್ಟಿರಲಿಲ್ಲ.

ಮೇಲೆ ನಾಲ್ಕೂ ಬಾಗಿಲು ಮುಚ್ಚಿದ್ದವು. ಯಾವುದಾದರೊಂದರ ಕರೆಗಂಟೆ ಒತ್ತಿ, ಇದನ್ನು ಇಟ್ಟುಕೊಳ್ಳಿ, ದುಡ್ಡು ಬೇಡ, ಒಂದು ನಿಮಿಷ ಬಾಲ್ಕನಿಗೆ ಬನ್ನಿ ಎನ್ನಬಹುದು. ಬೆರಳು ಗುಂಡಿಯವರೆಗೆ ಹೋಯಿತು. ಒಳಗೆ ಯಾರೋ ನಕ್ಕರು. ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಪುಕ್ಕಟೆ ಕೊಟ್ಟರೂ ಬೇಡವೆಂದರೆ ಆಮೇಲೆ ಮುಖ ಎಲ್ಲಿಡುವುದು ಎಂಬ ಚಿಂತೆ ಅವನನ್ನು ಈ ಎತ್ತರದಲ್ಲೂ ಬಿಡಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಕಂಬಿ ಹಾಕಿದ ಕಿಟಕಿಯಿತ್ತು. ಅಲ್ಲಿ ದೀಪವಿರಲಿಲ್ಲ. ಕಟ್ಟನ್ನು ಹಿಡಿದುಕೊಂಡೇ ಹೊರಗೆ ನೋಡಿದ. ಆಚೆ ಕೆಳಗೆ ಅವನ ಮನೆ, ಎಲ್ಲ ದೀಪಗಳನ್ನೂ ಹಾಕಿದ್ದರು. ಬಾಲ್ಕನಿಯಲ್ಲಿ ಹೆಂಡತಿ, ಪಕ್ಕದಲ್ಲಿ ಅವಳ ತಮ್ಮ. ಅವಳು ತಲೆಯೆತ್ತಿ ಹುಡುಕುತ್ತಿದ್ದಳು. ಆಮೇಲೆ ಕೈಯೆತ್ತಿ ಬೀಸಿದಳು.

ಬೀಸಿದ್ದು ಅವನತ್ತ ಅಲ್ಲ. ಅವನಿಂದ ಸ್ವಲ್ಪ ಎಡಕ್ಕೆ, ಗೋಡೆಯಾಚೆ ಚಾಚಿಕೊಂಡಿದ್ದ ಬಾಲ್ಕನಿಯಲ್ಲಿ ಯಾರೋ ಬಂದು ನಿಂತಿದ್ದರು. ಅವನಿಗೆ ಕಂಡದ್ದು ಕಟಕಟೆಯ ಮೇಲಿಟ್ಟ ಒಂದು ಮೊಣಕೈ ಅಷ್ಟೆ. ಆ ಕೈ ಕೊಂಚ ಅನುಮಾನಿಸಿತು. ಆಮೇಲೆ ನಿಧಾನವಾಗಿ ಮೇಲೆದ್ದು, ಅವಳಿಗೆ ಉತ್ತರವಾಗಿ ಬೀಸಿತು.

ಹೆಂಡತಿ ಈಗ ಎರಡೂ ಕೈ ಎತ್ತಿದಳು. ಅವನು ಚಿತ್ರವನ್ನು ಎದೆಗೊತ್ತಿಕೊಂಡು, ತಾನು ಅವರಿಬ್ಬರಿಗೂ ಕಾಣದಂತೆ, ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತ.